ಗದಗಿನ ರಿವೈಂಡಿಂಗ್ ಅಂಗಡಿ: ವಾಷಿಂಗ್ ಮಷೀನ್ ಮೋಟರು ಗಾಳಿಯಂತ್ರವಾದ ಬಗೆ

ಮುಂಡರಗಿ ಕಡೆಯ ನಮ್ಮ ಹೊಲದಲ್ಲಿ ನಿಂತರೆ ಕಪ್ಪತಗುಡ್ಡದ ಮೇಲೆ ಗಾಳಿಯಂತ್ರಗಳು ತಿರುಗುವುದು ಕಾಣುತ್ತದೆ. ಹೊಲದ ಮನೆಗೆ ಒಂದು ಸೋಲಾರ್ ಪ್ಯಾನೆಲ್ ಇದೆ. ಆದರೆ ಆಷಾಢದಲ್ಲಿ ವಾರಗಟ್ಟಲೆ ಮೋಡ ಮುಚ್ಚಿದರೆ ಬ್ಯಾಟರಿ ಇಳಿದುಹೋಗುತ್ತದೆ. ಅದೇ ದಿನಗಳಲ್ಲಿ ಗಾಳಿಯೋ, ತಗಡು ಹಾರಿಸಿಕೊಂಡು ಹೋಗುವಂಥದ್ದು. ಆ ಗಾಳಿಯಿಂದ ನಾಲ್ಕು ಬಲ್ಬು ಉರಿಸಬೇಕೆಂದು ಹೊರಟಾಗ ನನಗೆ ಸಿಕ್ಕ ಮೋಟರು ಮತ್ತು ಅದರ ಕೆಲಸ ಮಾಡಿಕೊಟ್ಟ ಅಂಗಡಿ, ಎರಡರ ಬಗ್ಗೆಯೂ ಬರೆಯುತ್ತಿದ್ದೇನೆ.

ಮೋಟರು ಗುಜರಿ ಅಂಗಡಿಯದು. ಬೋರ್ಡು ಸುಟ್ಟ ಫ್ರಂಟ್ ಲೋಡ್ ಮಷೀನಿನಿಂದ ಬಿಚ್ಚಿದ್ದು, 650 ರೂಪಾಯಿ. ಎಲ್ಲ ವಾಷಿಂಗ್ ಮಷೀನಿನ ಮೋಟರೂ ಈ ಕೆಲಸಕ್ಕೆ ಬರುವುದಿಲ್ಲ. ಸೆಮಿ ಆಟೋಮ್ಯಾಟಿಕ್‌ನ ಕೆಪಾಸಿಟರ್ ಮೋಟರಿನಲ್ಲಿ ಅಯಸ್ಕಾಂತವೇ ಇರುವುದಿಲ್ಲ. ಅದನ್ನು ಸುಮ್ಮನೆ ತಿರುಗಿಸಿದರೆ ಕರೆಂಟು ಬರುವುದಿಲ್ಲ. ಬೇಕಾದದ್ದು ಬೆಲ್ಟಿಲ್ಲದ, ಡ್ರಮ್ಮಿನ ಶಾಫ್ಟಿಗೇ ಕೂರುವ ಡೈರೆಕ್ಟ್ ಡ್ರೈವ್ ಮೋಟರು. ತಟ್ಟೆಯಂಥ ರೋಟರು, ಅದರ ಒಳಅಂಚಿಗೆ ಸಾಲಾಗಿ ಅಯಸ್ಕಾಂತ, ನಡುವೆ ಕಾಯಿಲ್ ಸುತ್ತಿದ ಹಲ್ಲುಗಳ ಚಕ್ರ, ಅಂದರೆ ಸ್ಟೇಟರ್. ನ್ಯೂಜಿಲೆಂಡಿನ ಫಿಶರ್ ಅಂಡ್ ಪೈಕಲ್ ಕಂಪನಿ 1991ರಲ್ಲಿ ಸ್ಮಾರ್ಟ್‌ಡ್ರೈವ್ ಎಂಬ ಹೆಸರಿನಲ್ಲಿ ಇಂಥ ಮಷೀನು ತಂದಿತು. ಹಳೆಯದಾದ ಆ ಮೋಟರುಗಳಿಂದ ಅಲ್ಲಿನ ಜನ ಗಾಳಿಯಂತ್ರವನ್ನೂ ಹಳ್ಳದ ನೀರಿನ ಟರ್ಬೈನನ್ನೂ ಮಾಡಿಕೊಂಡರು. ನನ್ನದು ಬೇರೆ ಕಂಪನಿಯದು, ಆದರೆ ಜಾತಿ ಅದೇ: 36 ಹಲ್ಲು, 48 ಅಯಸ್ಕಾಂತ. ಕೊಳ್ಳುವಾಗ ಶಾಫ್ಟು, ಬೇರಿಂಗು ಕೂತಿರುವ ಟಬ್ಬಿನ ಹಿಂಭಾಗವನ್ನೂ ಕತ್ತರಿಸಿ ತನ್ನಿ. ಅದಿಲ್ಲದೆ ಬರೀ ಮೋಟರು ತಂದರೆ ಕೂರಿಸಲು ಜಾಗವೇ ಇರುವುದಿಲ್ಲ.

ತೊಂದರೆ ಇರುವುದು ವೋಲ್ಟೇಜಿನಲ್ಲಿ. 36 ಕಾಯಿಲ್‌ಗಳು ಮೂರು ಗುಂಪು, ಒಂದೊಂದು ಗುಂಪೂ ಒಂದು ಫೇಸ್. ಪ್ರತಿ ಫೇಸಿನ 12 ಕಾಯಿಲ್‌ಗಳೂ ಒಂದರ ಹಿಂದೆ ಒಂದು ಸೀರೀಸ್‌ನಲ್ಲಿವೆ. ಲೇಥಿಗೆ ಕಟ್ಟಿ ನಿಮಿಷಕ್ಕೆ 100 ಸುತ್ತು ತಿರುಗಿಸಿದಾಗ ಎಸಿಯನ್ನು ಡಿಸಿ ಮಾಡುವ ಡಯೋಡ್ ದಾಟಿ 75 ವೋಲ್ಟ್ ಬಂತು. ನನ್ನ ಬ್ಯಾಟರಿ 24 ವೋಲ್ಟಿನದು. ಹೀಗೇ ಜೋಡಿಸಿದರೆ ಮೂವತ್ತು ನಲವತ್ತು ಸುತ್ತಿಗೇ ಬ್ಯಾಟರಿಯ ಹೊರೆ ಬಿದ್ದು ರೆಕ್ಕೆಗಳು ಏಳುವ ಮೊದಲೇ ಕುಸಿಯುತ್ತವೆ.

ಮೊದಲು ಹೋದ ಅಂಗಡಿಯಲ್ಲಿ ಪೂರ್ತಿ ತಂತಿ ಬಿಚ್ಚಿ ಹೊಸದಾಗಿ ಸುತ್ತಬೇಕು, 3,800 ಆಗುತ್ತದೆ ಎಂದರು. ಎದ್ದು ಬಂದೆ. ಎರಡನೆಯದು ಬೋರ್‌ವೆಲ್ ಪಂಪುಗಳ ನಡುವೆ ಕಾಲಿಡಲೂ ಜಾಗವಿಲ್ಲದ ಚಿಕ್ಕ ಅಂಗಡಿ. ಅಲ್ಲಿಯ ಹಿರಿಯ ಮಿಸ್ತ್ರಿ ಸ್ಟೇಟರನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿ, "ತಂತಿ ಚಲೋ ಐತಲ್ರೀ, ಸುಟ್ಟಿಲ್ಲ ಏನಿಲ್ಲ. ಯಾಕ ಬಿಚ್ಚೂದು?" ಅಂದರು.

"ಬಿಚ್ಚೂದು ಬ್ಯಾಡ ಚಾಚಾ, ಕನೆಕ್ಷನ್ ಅಷ್ಟ ಬದಲಿ ಮಾಡ್ರಿ. ಎರಡೆರಡು ಸೀರೀಸ್, ಅಂಥವು ಆರು ಜೋಡಿ ಪ್ಯಾರಲಲ್."

ಹನ್ನೆರಡರ ಬದಲು ಎರಡೇ ಕಾಯಿಲ್ ಒಂದರ ಹಿಂದೆ ಒಂದು ಬಂದು, ಅಂಥ ಜೋಡಿಗಳು ಪಕ್ಕಪಕ್ಕಕ್ಕೆ ಕೂಡಿದರೆ ವೋಲ್ಟೇಜು ಆರರಲ್ಲೊಂದು ಪಾಲಾಗುತ್ತದೆ. ಅವರು ಬೆರಳಿನಿಂದ ಹಲ್ಲು ಎಣಿಸಿದರು. ಪ್ರತಿ ಮೂರನೆಯ ಹಲ್ಲು ಒಂದೇ ಫೇಸಿನದು. ಅವೆಲ್ಲ ಒಂದೇ ಗಳಿಗೆಗೆ ಏರಿ ಇಳಿಯುವುದರಿಂದ ಪ್ಯಾರಲಲ್ ಮಾಡಿದರೆ ಒಂದಕ್ಕೊಂದು ಜಗಳವಾಡುವುದಿಲ್ಲ. ಕೂಲಿ 1,200 ಹೇಳಿದರು, ಅಷ್ಟೇ ತೆಗೆದುಕೊಂಡರು.

ಈ ಅಂಗಡಿಯ ಮೇಲೆ ನನಗೆ ಗೌರವ ಹುಟ್ಟಿದ್ದು ಬೆಸುಗೆಯ ವಿಷಯದಲ್ಲಿ. ತಂತಿ ತಾಮ್ರದ ಬಣ್ಣದ್ದಿದ್ದರೂ ಬ್ಲೇಡಿನಿಂದ ವಾರ್ನಿಶ್ ಕೆರೆದಾಗ ಒಳಗೆ ಬೆಳ್ಳಗಿತ್ತು. ಅಲ್ಯೂಮಿನಿಯಂ. ಸೀಸ ಅದಕ್ಕೆ ಹತ್ತುವುದಿಲ್ಲ, ಗುಂಡಗಾಗಿ ಉರುಳಿ ಬೀಳುತ್ತದೆ. ಮುಚ್ಚಿಡಬಹುದಿತ್ತು, ಸುಮ್ಮನೆ ತಿರುಚಿ ಸ್ಲೀವ್ ಹಾಕಿ ಕೊಡಬಹುದಿತ್ತು. ಅವರು ಫೋನ್ ಮಾಡಿ, "ಬೆಸಗಿ ಹಿಡಿಯಂಗಿಲ್ಲ, ನಾಳೆ ಬರ್ರಿ" ಅಂದರು. ಮರುದಿನ ಪ್ರತಿ ತುದಿಯನ್ನೂ ಕೆರೆದು, ಕ್ರಿಂಪ್ ಹಾಕಿ ಒತ್ತಿ, ಎಳೆದು ನೋಡಿ, ಸ್ಲೀವ್ ಏರಿಸಿ ವಾರ್ನಿಶ್ ಬಳಿದಿದ್ದರು. 72 ತುದಿ. ಒಂದನ್ನೂ ಬಿಟ್ಟಿರಲಿಲ್ಲ.

ಆದರೂ ಒಂದು ತಪ್ಪಾಯಿತು. ಮನೆಗೆ ತಂದು ರೋಟರ್ ಕೂರಿಸಿ, ಮೂರೂ ವೈರು ಬಿಡಿಯಾಗಿಟ್ಟು ಕೈಯಲ್ಲಿ ತಿರುಗಿಸಿದೆ. ಕಟಕಟ ಎಂದು ಹಲ್ಲಿನಿಂದ ಹಲ್ಲಿಗೆ ಜಿಗಿಯಬೇಕಾದದ್ದು ಎರೆಮಣ್ಣಿನ ಕೆಸರಿನಲ್ಲಿ ಗಾಲಿ ತಿರುಗಿದಂತೆ ಭಾರವಾಗಿತ್ತು. ಜೋರಾಗಿ ತಿರುಗಿಸಿದಷ್ಟೂ ಬಿಗಿ. ಹೊರಗೆ ಎಲ್ಲೂ ಕರೆಂಟು ಹೋಗುತ್ತಿಲ್ಲ ಎಂದಮೇಲೆ ಒಳಗೇ ಸುತ್ತುತ್ತಿದೆ ಎಂದರ್ಥ. ತಿರುಗಿಸುತ್ತ ಎರಡೆರಡು ವೈರುಗಳ ನಡುವಿನ ವೋಲ್ಟೇಜು ಮೀಟರಿನಲ್ಲಿ ನೋಡಿದರೆ ಮೂರು ಅಳತೆಗಳಲ್ಲಿ ಎರಡು ಕಡಿಮೆ. ಆ ಎರಡರಲ್ಲೂ ಸೇರಿದ್ದ ವೈರು ಒಂದೇ. ದೋಷ ಆ ಫೇಸಿನಲ್ಲಿ. ಒಂದು ಕಾಯಿಲ್ ತಲೆಕೆಳಗಾಗಿ ಕೂಡಿ, ಆ ಜೋಡಿಯ ವೋಲ್ಟೇಜು ಸೊನ್ನೆಯಾಗಿ, ಉಳಿದ ಐದು ಜೋಡಿಗಳ ಕರೆಂಟನ್ನು ಅದು ನುಂಗುತ್ತಿತ್ತು. ಮತ್ತೆ ಗದಗಿಗೆ ಹೋದೆ. ಚಾಚಾ ಒಂದು ಮಾತೂ ವಾದಿಸದೆ ಕೂತು ಹುಡುಕಿ ಸರಿಮಾಡಿ, ಹಣ ಬೇಡವೆಂದರು. ಬಸ್ಸಿನ ಅರ್ಧ ದಿನ ಹೋಯಿತು, ಅದೊಂದೇ ನನ್ನ ದೂರು. ರೋಟರನ್ನೂ ಅಂಗಡಿಗೇ ಒಯ್ದು, ಅಲ್ಲೇ ಕೈಯಲ್ಲಿ ತಿರುಗಿಸಿ ನೋಡಿದ್ದರೆ ಅದೂ ಉಳಿಯುತ್ತಿತ್ತು. ನೀವು ಹಾಗೆ ಮಾಡಿ. ವೈರು ಬಿಡಿಯಾಗಿದ್ದಾಗ ಹಗುರ, ಮೂರನ್ನೂ ಕೂಡಿಸಿ ಹಿಡಿದರೆ ಭಾರ, ಹೀಗಿದ್ದರೆ ಕೆಲಸ ಸರಿಯಾಗಿದೆ.

ಈಗ 200 ಸುತ್ತಿಗೆ 25 ವೋಲ್ಟ್. ಮೊದಲು ಎರಡು ವೈರುಗಳ ನಡುವೆ 10 ಓಮ್ ಇದ್ದದ್ದು 0.3ಕ್ಕಿಂತ ಕೆಳಗೆ ಇಳಿದಿದೆ. ಪಿವಿಸಿ ಪೈಪಿನಲ್ಲಿ ಕತ್ತರಿಸಿದ ಮೂರು ರೆಕ್ಕೆ, ಅಡ್ಡಳತೆ 2 ಮೀಟರ್, 30 ಅಡಿಯ ಕಂಬ. ಒಳ್ಳೆ ಗಾಳಿ ಹಿಡಿದಾಗ ಅಮ್ಮೀಟರ್ 3 ಆಂಪಿಯರ್ ದಾಟುತ್ತದೆ. ಕಂಬದ ಬುಡದಲ್ಲಿ ಮೂರು ವೈರುಗಳನ್ನು ಒಂದಕ್ಕೊಂದು ಕೂಡಿಸುವ ಸ್ವಿಚ್ ಇಟ್ಟಿದ್ದೇನೆ. ಗಾಳಿ ಸಣ್ಣದಿದ್ದಾಗಲೇ ಹಾಕಿದರೆ ರೆಕ್ಕೆ ನಿಧಾನವಾಗಿ ನಿಲ್ಲುತ್ತದೆ. ಬ್ಯಾಟರಿ ತುಂಬಿದಾಗ ಕರೆಂಟನ್ನು ಹೀಟರ್ ತಂತಿಗೆ ತಿರುಗಿಸುವ ವ್ಯವಸ್ಥೆಯೂ ಬೇಕೇಬೇಕು. ಹೊರೆ ಇಲ್ಲದೆ ಬಿಟ್ಟರೆ ರೆಕ್ಕೆ ಹುಚ್ಚು ವೇಗಕ್ಕೆ ಹೋಗುತ್ತದೆ.

ಮೋಟರಿನ ನಿಜವಾದ ಕೊರತೆ ಆ ಕಟಕಟ. ಅಯಸ್ಕಾಂತ ಹಲ್ಲನ್ನು ಕಚ್ಚಿ ಹಿಡಿಯುವುದರಿಂದ ಬೆಳಗಿನ ತೆಳುಗಾಳಿಗೆ ರೆಕ್ಕೆ ಏಳುವುದೇ ಇಲ್ಲ, ಒಮ್ಮೆ ಎದ್ದಮೇಲೆ ಪರವಾಗಿಲ್ಲ. ಹಲ್ಲುಗಳ ಮೂಲೆಗಳನ್ನು ಸ್ವಲ್ಪ ಉಜ್ಜಿ ದುಂಡಗೆ ಮಾಡಿದರೆ ಹಿಡಿತ ಕಡಿಮೆಯಾಗುತ್ತದೆ. ಗುಜರಿಯಲ್ಲಿ ಇನ್ನೊಂದು ಸ್ಟೇಟರ್ ಸಿಕ್ಕಿದೆ, ಉಜ್ಜಲು ಅದನ್ನು ಚಾಚಾನ ಹತ್ತಿರವೇ ಬಿಟ್ಟು ಬಂದಿದ್ದೇನೆ. ಈ ಸಲ ರೋಟರನ್ನೂ ಜೊತೆಗೇ ಕೊಟ್ಟಿದ್ದೇನೆ.