ಕೆಳಗೆ ಮಾಲ್, ಎದುರಿಗೆ ಆಫೀಸು, ಮೇಲೆ ಮನೆ: ನಾಲ್ಕು ವರ್ಷ ಇದ್ದು ನೋಡಿದ ಮೇಲೆ

ನನ್ನ ಮನೆ ಆರನೇ ಮಹಡಿಯಲ್ಲಿ, ಆಫೀಸು ಎದುರಿನ ಟವರ್‌ನಲ್ಲಿ. ಬಾಗಿಲಿಗೆ ಬೀಗ ಹಾಕಿ ಹೊರಟರೆ ಒಂಬತ್ತು ನಿಮಿಷಕ್ಕೆ ಕುರ್ಚಿಯಲ್ಲಿರುತ್ತೇನೆ. ಅದರಲ್ಲಿ ನಾಲ್ಕು ನಿಮಿಷ ಲಿಫ್ಟಿಗೆ ಕಾಯುವುದೇ ಆಯಿತು. ಆದರೂ ಮಧ್ಯಾಹ್ನದ ಊಟಕ್ಕೆ ಮನೆಗೆ ಬರುತ್ತೇನೆ. ಮನೆ ತಗೊಂಡಿದ್ದೇ ಈ ಸುಖಕ್ಕೆ. ಅದರಲ್ಲಿ ಮೋಸ ಆಗಿಲ್ಲ.

ಮನೆ ನೋಡಲು ಬಂದಾಗ ಈಜುಕೊಳ, ಜಿಮ್ಮು ಎಲ್ಲ ತೋರಿಸಿದರು. ಲೋಡಿಂಗ್ ಬೇ ತೋರಿಸಲಿಲ್ಲ. ಹಗಲು ಗಿರಾಕಿಗಳಿಗೆ ಅಡ್ಡ ಆಗಬಾರದು ಅಂತ ಅಂಗಡಿಗಳ ಸರಕು ಇಳಿಸುವುದು ರಾತ್ರಿ. ಎರಡು ಗಂಟೆಗೆ ಲಾರಿ ರಿವರ್ಸ್ ತಗೊಳ್ಳುತ್ತದೆ, ಪೀಂ ಪೀಂ ಪೀಂ. ಆಮೇಲೆ ಹಿಂದಿನ ಬಾಗಿಲು ಧಡಾರ್. ಆಮೇಲೆ ಟ್ರಾಲಿ ಚಕ್ರ ಟೈಲ್ಸಿನ ಸಂದಿ ದಾಟುವ ಕಟಕಟ. ನನ್ನ ಮಲಗುವ ಕೋಣೆ ಸರಿಯಾಗಿ ಅದರ ಮೇಲೆ. ಕಿಟಕಿಗೆ ಎರಡು ಪದರದ ಗಾಜು ಹಾಕಿಸಿದೆ, ಪೀಂ ಪೀಂ ತಗ್ಗಿತು. ಶನಿವಾರ ರಾತ್ರಿ ಕೆಳಗಿನ ಪಬ್ಬಿನ ಬೇಸ್ ಸದ್ದು ಮಾತ್ರ ಜಗ್ಗಲಿಲ್ಲ. ಅದು ಪಿಲ್ಲರು, ಸ್ಲ್ಯಾಬಿನೊಳಗೇ ಹತ್ತಿ ಬರುತ್ತದೆ. ಕಿಟಕಿ ಏನು ಮಾಡೀತು? ಒಂದು ಕಿವಿ ದಿಂಬಿಗಿಟ್ಟರೆ ಇನ್ನೂ ಜಾಸ್ತಿ ಕೇಳುತ್ತದೆ.

ಇಂಥ ಕಟ್ಟಡ ಹೊಸದೇನಲ್ಲ. ಶಿಕಾಗೋದಲ್ಲಿ 1960ರ ದಶಕದಲ್ಲೇ ಮರೀನಾ ಸಿಟಿ ಕಟ್ಟಿದರು. ಮನೆ, ಆಫೀಸು, ಥಿಯೇಟರ್, ಬೌಲಿಂಗ್, ದೋಣಿ ನಿಲ್ಲಿಸುವ ಜಾಗ, ಎಲ್ಲ ಒಂದೇ ಕಡೆ. ಜೋಳದ ತೆನೆಯಂಥ ಆ ಎರಡು ಟವರ್‌ಗಳಲ್ಲಿ ಕೆಳಗಿನ 19 ಮಹಡಿ ಪಾರ್ಕಿಂಗ್, ಮನೆಗಳು ಅದಕ್ಕೂ ಮೇಲೆ. ಗದ್ದಲಕ್ಕೂ ಮಂಚಕ್ಕೂ ನಡುವೆ 19 ಮಹಡಿ! ನಮಗೆ ಸಿಕ್ಕಿದ್ದು ಪೈಪು ತುಂಬಿದ ಒಂದೇ ಒಂದು ಸರ್ವಿಸ್ ಫ್ಲೋರ್. ಹೊಟ್ಟೆ ಉರಿಯದೆ ಇರುತ್ತಾ?

ಪಾರ್ಕಿಂಗ್ ಲೆಕ್ಕ ಕಾಗದದ ಮೇಲೆ ಚೆನ್ನಾಗಿದೆ. ಹಗಲು ಆಫೀಸಿನವರ ಕಾರು, ರಾತ್ರಿ ನಮ್ಮದು, ಜಾಗ ಒಂದೇ. ಭಾನುವಾರ ಮಾಲಿಗೆ ಬರುವವರನ್ನು ಲೆಕ್ಕಕ್ಕೇ ತಗೊಂಡಿರಲಿಲ್ಲ ಅಂತ ಕಾಣುತ್ತದೆ. ಮನೆಯವರಿಗೆ ಬೇರೆ ಗೇಟು ಹಾಕಿಸಿಕೊಳ್ಳಲು ಒಂದು ವರ್ಷ ಹಿಡಿಯಿತು.

ಮೆಂಟೆನೆನ್ಸ್ ಬಿಲ್ಲಿನದು ಇನ್ನೊಂದು ಕಥೆ. ಮಾಲಿನ ಎಸಿ, ಎಸ್ಕಲೇಟರು, ನಮ್ಮ ಲಿಫ್ಟು, ಎಲ್ಲದರ ಕರೆಂಟನ್ನೂ ಒಟ್ಟು ಸೇರಿಸಿ ಚದರಡಿಗೆ ಇಷ್ಟು ಅಂತ ಹಂಚುತ್ತಿದ್ದರು. ಪಕ್ಕದ ಮನೆಯ ಅಜ್ಜಿ ಸಭೆಯಲ್ಲಿ ಎದ್ದು ನಿಂತು, "ಆ ಓಡೋ ಮೆಟ್ಟಿಲ ಮೇಲೆ ನಾನು ಕಾಲೇ ಇಟ್ಟಿಲ್ಲ, ದುಡ್ಡು ಯಾಕಪ್ಪಾ ಕೊಡ್ಲಿ?" ಅಂದರು. ಉತ್ತರ ಯಾರ ಹತ್ತಿರವೂ ಇರಲಿಲ್ಲ. ಆಮೇಲೆ ಬೇರೆ ಬೇರೆ ಮೀಟರ್ ಬಂತು, ಬಿಲ್ಲು ಇಳಿಯಿತು.

ಐದಕ್ಕೆ ಮೂರೂವರೆ ಕೊಡುತ್ತೇನೆ. ತಗೊಳ್ಳುವ ಯೋಚನೆ ಇದ್ದರೆ ಶನಿವಾರ ರಾತ್ರಿ ಹನ್ನೊಂದರ ಮೇಲೆ ಹೋಗಿ ನೋಡಿ. ಲೋಡಿಂಗ್ ಬೇ ಎಲ್ಲಿದೆ, ಮೀಟರ್ ಯಾರದ್ದು ಬೇರೆ ಇದೆ ಅಂತ ಕೇಳಿ. ನಾನಂತೂ ಬಿಟ್ಟು ಹೋಗುವುದಿಲ್ಲ. ಮಂಚವನ್ನು ಆಚೆ ಕೋಣೆಗೆ ಸಾಗಿಸಿದ್ದೇನೆ. ಲಾರಿ ಸದ್ದು ಈಗ ಪುಸ್ತಕದ ಕಪಾಟಿಗೆ.