ಮೈಸೂರಿನಲ್ಲೊಂದು ಸಮ್ಮಿಲನ ಉಪನ್ಯಾಸ: ನಳಿಗೆ ಚೆನ್ನ, ಲೆಕ್ಕ ಅರ್ಧ

ಕುವೆಂಪುನಗರದ ಸಭಾಂಗಣವೊಂದರಲ್ಲಿ ಕಳೆದ ಭಾನುವಾರ ಬೈಜಿಕ ಸಮ್ಮಿಲನದ, ಅಂದರೆ ಹಗುರ ಪರಮಾಣು ಬೀಜಗಳು ಬೆಸೆದು ಶಕ್ತಿ ಹೊಮ್ಮಿಸುವ ಕ್ರಿಯೆಯ ಕುರಿತು ನಡೆದ ಎರಡು ಗಂಟೆಯ ಪ್ರಾತ್ಯಕ್ಷಿಕೆಗೆ ತಲಾ 150 ರೂಪಾಯಿ ತೆತ್ತು, ಪಿಯುಸಿ ಓದುತ್ತಿರುವ ಮಗಳೊಡನೆ ಹೋಗಿದ್ದೆ. ಹಣ ದಂಡವಾಗಲಿಲ್ಲ, ತಕರಾರಿರುವುದು ಅಲ್ಲಿ ಮಾರಿದ ಕೈಪಿಡಿಯ ಬಗ್ಗೆ.

ಮೊಳದುದ್ದದ ಗಾಜಿನ ನಳಿಗೆಯೊಳಗಿನ ಗಾಳಿಯನ್ನು ಹೀರಿ ತೆಗೆದು ವಿದ್ಯುತ್ ಹರಿಸಿದಾಗ ನೇರಳೆ ಬೆಳಕು ಹಬ್ಬಿತು. ಅಯಸ್ಕಾಂತವನ್ನು ಹತ್ತಿರ ತಂದೊಡನೆ ಅದು ಬಾಗಿ ಒಂದು ಮಗ್ಗುಲಿಗೆ ಒತ್ತಿಕೊಂಡಿತು. ಸಮ್ಮಿಲನಕ್ಕೆ ಬೇಕಾದ ಹದಿನೈದು ಕೋಟಿ ಡಿಗ್ರಿಯ ಪ್ಲಾಸ್ಮಾವನ್ನು (ವಿದ್ಯುದಾವೇಶವುಳ್ಳ ಅನಿಲವನ್ನು) ಯಾವ ಪಾತ್ರೆಯೂ ತಾಳದಿರುವಾಗ ಟೋಕಮಾಕ್ ಎಂಬ ಬಳೆಯಾಕಾರದ ಸಮ್ಮಿಲನ ಯಂತ್ರ ಅದನ್ನು ಗೋಡೆಗೆ ತಾಗಗೊಡದೆ ಕಾಂತಕ್ಷೇತ್ರದಲ್ಲೇ ಹೇಗೆ ಸುತ್ತಿಸುತ್ತದೆ ಎಂಬುದು ಮಗಳಿಗೆ ಆಗಲೇ ಹೊಳೆಯಿತು.

ಮಂಡ್ಯದ ಕಡೆಯ ಹಿರಿಯರೊಬ್ಬರು ಎದ್ದುನಿಂತು, "ಆಲೆಮನೆ ಒಲೆಗೆ ಒಂದ್ಸಲ ಬೆಂಕಿ ಹತ್ತಿದ್ರೆ ರಚ್ಚು ನೂಕ್ತಿದ್ರೆ ಸಾಕು ಸಾ, ನಿಮ್ಮ ಒಲೆ ತಾನೇ ಉರ್ಕೊಳ್ಳಾದು ಯಾವಾಗ?" ಎಂದು ಕೇಳಿದರು. ಉಪನ್ಯಾಸಕರು ನುಣುಚಿಕೊಳ್ಳಲಿಲ್ಲ. ಫ್ರಾನ್ಸಿನ ವೆಸ್ಟ್ ಎಂಬ ಟೋಕಮಾಕ್ ಯಂತ್ರವು 2025ರ ಫೆಬ್ರವರಿಯಲ್ಲಿ ಪ್ಲಾಸ್ಮಾವನ್ನು 1,337 ಸೆಕೆಂಡು ಹಿಡಿದಿಟ್ಟರೂ ಅಲ್ಲಿ ಉಪಯೋಗಕ್ಕೆ ಬರುವಷ್ಟು ಸಮ್ಮಿಲನ ಶಕ್ತಿ ಹುಟ್ಟಲಿಲ್ಲ. ಬ್ರಿಟನ್ನಿನ ಜೆಟ್ ಎಂಬ ಟೋಕಮಾಕ್ 2023ರಲ್ಲಿ 69 ಮೆಗಾಜೂಲ್ ಶಕ್ತಿ ಹುಟ್ಟಿಸಿದರೂ ಅದು ಐದು ಸೆಕೆಂಡಿನ ಮಾತು. ಹೊತ್ತೂ ಕಾವೂ ಇನ್ನೂ ಒಂದೇ ಒಲೆಯಲ್ಲಿ ಕೂಡಿಬಂದಿಲ್ಲ ಎಂದರು. ಹಿರಿಯರು ತಲೆಯಾಡಿಸಿ ಕೂತರು.

ಇಷ್ಟು ನೇರವಾದ ಮಾತು ನಲವತ್ತು ರೂಪಾಯಿಯ ಕೈಪಿಡಿಯಲ್ಲಿಲ್ಲ. ಲೇಸರ್‌ನಿಂದ ಸಮ್ಮಿಲನ ನಡೆಸುವ ಅಮೆರಿಕದ ಪ್ರಯೋಗಾಲಯ ನ್ಯಾಷನಲ್ ಇಗ್ನಿಷನ್ ಫೆಸಿಲಿಟಿಯು 2022ರ ಡಿಸೆಂಬರ್‌ನಲ್ಲಿ 2.05 ಮೆಗಾಜೂಲ್ ಲೇಸರ್ ಹಾಯಿಸಿ 3.15 ಮೆಗಾಜೂಲ್ ಸಮ್ಮಿಲನ ಶಕ್ತಿ ಪಡೆಯಿತೆಂದು ಅದರಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಆ ಲೇಸರ್‌ಗಳನ್ನು ಚಾಲೂ ಮಾಡಲು ಸುಮಾರು 300 ಮೆಗಾಜೂಲ್ ವಿದ್ಯುತ್ ಬೇಕಾಯಿತೆಂಬುದು ಸಣ್ಣಕ್ಷರದಲ್ಲೂ ಇಲ್ಲ. ಗೊಬ್ಬರ, ಕೂಲಿಯ ಖರ್ಚನ್ನು ಕಳೆಯದೆ ಕಬ್ಬಿನ ಲಾಭ ಹೇಳಿದ ಹಾಗೆ.

ಇಂಧನದ ಭಾಗವೂ ಸೊರಗಿದೆ. ಸಮ್ಮಿಲನದ ಇಂಧನಗಳಲ್ಲೊಂದಾದ ಟ್ರಿಟಿಯಂ (ಜಲಜನಕದ ಭಾರವಾದ ವಿಕಿರಣಶೀಲ ರೂಪ) ಪ್ರಕೃತಿಯಲ್ಲಿ ತೀರ ವಿರಳ, ಅರ್ಧಾಯುಷ್ಯ (ಅರ್ಧಪಾಲು ಕ್ಷಯಿಸಲು ಹಿಡಿಯುವ ಕಾಲ) 12.3 ವರ್ಷವಷ್ಟೇ, ಅದನ್ನು ರಿಯಾಕ್ಟರಿನಲ್ಲೇ ಲಿಥಿಯಂನಿಂದ ತಯಾರಿಸಿಕೊಳ್ಳಬೇಕು. ಶ್ರೀರಂಗಪಟ್ಟಣದ ಬಳಿಯ ಮರಳಗಾಲದಲ್ಲಿ 1,600 ಟನ್ ಲಿಥಿಯಂ ಗುರುತಿಸಿರುವಾಗ, ಇಲ್ಲಿನ ಸಭಿಕರಿಗೆ ಅದನ್ನು ಹೇಳದೆ ಬಿಟ್ಟದ್ದು ನನಗೆ ಸೋಜಿಗವೆನಿಸಿತು.

ಹೋಗುವವರು ಅರ್ಧ ಗಂಟೆ ಮೊದಲೇ ಹೋಗಿ ಮುಂದಿನ ಮೂರು ಸಾಲಿನೊಳಗೆ ಕೂರಬೇಕು. ಹಿಂದೆ ಕೂತವರಿಗೆ ನಳಿಗೆಯ ಬೆಳಕು ಕಾಣುವುದಿಲ್ಲ. ಕೈಪಿಡಿ ಕೊಳ್ಳಬೇಕಾಗಿಲ್ಲ.