ಮ್ಯಾಟ್ ಕಟರ್: ಕಟ್ ಸೊಟ್ಟ ಬಂದರೆ ಮೊದಲು ಬೋರ್ಡ್ ಕೆಳಗೆ ನೋಡಿ

ಫೋಟೋ, ಚಿತ್ರಗಳಿಗೆ ಕಟ್ಟು ಹಾಕುವ ಕೆಲಸಕ್ಕೆ ಈ 32 ಇಂಚಿನ ಮ್ಯಾಟ್ ಕಟರ್ ಅನ್ನು ವರ್ಷಗಳಿಂದ ಬಳಸುತ್ತಿದ್ದೇನೆ. ಫ್ರೇಮಿನೊಳಗೆ ಚಿತ್ರದ ಸುತ್ತ ಬರುವ, ನಡುವೆ ಕಿಟಕಿ ಕೊರೆದ ದಪ್ಪ ರಟ್ಟೇ (ಮೌಂಟ್ ಬೋರ್ಡ್) ಮ್ಯಾಟ್. ಕಂಪನಿ ಹೆಸರು ಬೇಡ. ಹಲಗೆ ಮೇಲೊಂದು ಲೋಹದ ಪಟ್ಟಿ, ಅದರ ಗುಂಟ ಜಾರುವ, ಬ್ಲೇಡನ್ನು 45 ಡಿಗ್ರಿ ಓರೆಯಾಗಿ ಹಿಡಿಯುವ ಹೆಡ್ ಇರುವ ಕಟರ್‌ಗಳೆಲ್ಲ ಹೆಚ್ಚುಕಮ್ಮಿ ಒಂದೇ ಥರ. ಯಂತ್ರ ಗಟ್ಟಿಮುಟ್ಟಾಗಿದೆ. ಆದರೆ ಡಬ್ಬಿಯಿಂದ ತೆಗೆದ ಹಾಗೆಯೇ ಕೂತು ಕತ್ತರಿಸಿದರೆ ನೆಟ್ಟಗೆ ಬರುವುದಿಲ್ಲ.

ತುಂಬಾ ಜನರಿಗೆ ಕಾಡುವುದು ಮೂಲೆಯ ಕೊಕ್ಕೆ. ಗೆರೆ ಶುರುವಾಗುವ ಕಡೆ ಸ್ವಲ್ಪ ಬಾಗಿ, ಆಮೇಲೆ ನೆಟ್ಟಗಾಗುತ್ತದೆ. ಬೋರ್ಡಿಗೆ ಇಳಿಯುವಾಗ ಬ್ಲೇಡ್ ಬಳುಕುವುದೇ ಇದಕ್ಕೆ ಕಾರಣ. ಬ್ಲೇಡ್ ಜಾಸ್ತಿ ಹೊರಗೆ ಚಾಚಿದಷ್ಟೂ ಬಳುಕು ಜಾಸ್ತಿ. ಸಾಮಾನ್ಯ ಮೌಂಟ್ ಬೋರ್ಡ್ ದಪ್ಪ ಸುಮಾರು 1.4 ಮಿಲಿಮೀಟರ್, ಅಷ್ಟೇ. ಬ್ಲೇಡ್ ಅದನ್ನು ದಾಟಿ ಕೆಳಗೆ ಇಡುವ ರದ್ದಿ ಬೋರ್ಡ್ ತುಂಡಿನ ಮೇಲೆ ಸಣ್ಣ ಗೀರು ಹಾಕಿದರೆ ಸಾಕು. ಒಂದು ಗೆರೆ ಎಳೆದು ರದ್ದಿ ತುಂಡನ್ನು ಬೆಳಕಿಗೆ ಹಿಡಿಯಿರಿ. ಬೆಳಕು ಆಚೆಯಿಂದ ತೂರಿ ಬಂದರೆ ಬ್ಲೇಡ್ ತೀರಾ ಆಳಕ್ಕೆ ಇಳಿದಿದೆ ಎಂದರ್ಥ.

ಆ ರದ್ದಿ ತುಂಡನ್ನು ಎಷ್ಟೋ ಜನ ಇಡುವುದೇ ಇಲ್ಲ. ಇಟ್ಟವರೂ ಅದನ್ನು ಕದಲಿಸುವುದಿಲ್ಲ. ಒಂದೇ ಜಾಗದಲ್ಲಿ ಕತ್ತರಿಸುತ್ತಾ ಹೋದರೆ ಅಲ್ಲಿ ಕಾಲುವೆಯಂಥ ಗೀರು ಬೀಳುತ್ತದೆ. ಬ್ಲೇಡಿನ ಮೊನೆ ಅದರೊಳಗೆ ಸಿಕ್ಕಿಕೊಂಡು ಗೀರು ಎಳೆದ ಕಡೆಗೇ ಹೋಗುತ್ತದೆ. ಯಂತ್ರದ್ದೇ ತಪ್ಪು ಅನ್ನಿಸುತ್ತದೆ, ಅಲ್ವಾ? ತುಂಡನ್ನು ಬೆರಳಗಲ ಸರಿಸಿ ನೋಡಿ. ತುಂಬಾ ಸಲ ಅಷ್ಟರಲ್ಲೇ ಸರಿಹೋಗುತ್ತದೆ.

ಅಂಚು ಒರಟಾಗಿ ನಾರು ಎದ್ದರೆ ಬ್ಲೇಡ್ ಮೊಂಡಾಗಿದೆ, ಬದಲಾಯಿಸಿ. ಇದರಲ್ಲಿ ಜಿಪುಣತನ ಬೇಡವೇ ಬೇಡ, ಒಂದು ಬ್ಲೇಡಿಗಿಂತ ಹಾಳಾಗುವ ಬೋರ್ಡಿನ ಬೆಲೆಯೇ ಹೆಚ್ಚು. ಮಳೆಗಾಲದಲ್ಲಿ ಮಾತ್ರ ಹೊಸ ಬ್ಲೇಡ್ ಹಾಕಿದರೂ ಹೀಗಾಗಬಹುದು. ಬೋರ್ಡ್ ತೇವ ಹೀರಿ ಮೆತ್ತಗಾಗಿರುತ್ತದೆ. ಪ್ಲಾಸ್ಟಿಕ್ ಸುತ್ತಿ, ನೆಲದಿಂದ ಮೇಲೆ, ಮಟ್ಟಸವಾಗಿ ಮಲಗಿಸಿಡಿ.

ಈ ಕಟರ್ ಬಗ್ಗೆ ನನ್ನ ನಿಜವಾದ ದೂರು ಅಂಚಿನ ಅಗಲ ಹಿಡಿಯುವ ಗೈಡಿನ ಮೇಲೆ. ಅದರ ಸ್ಕ್ರೂಗಳು ಬಳಸುತ್ತಾ ಸಡಿಲವಾಗುತ್ತವೆ. ಆಗ ಮ್ಯಾಟಿನ ಅಂಚು ಒಂದು ತುದಿಯಲ್ಲಿ ಅಗಲ, ಇನ್ನೊಂದು ತುದಿಯಲ್ಲಿ ಕಿರಿದು. ಫ್ರೇಮಿನೊಳಗೆ ಹಾಕಿದ ಮೇಲಂತೂ ಇದು ಎದ್ದು ಕಾಣುತ್ತದೆ. ಉದ್ದನೆಯ ಪಟ್ಟಿಯೊಂದನ್ನು ಕತ್ತರಿಸಿ ಎರಡೂ ತುದಿಯ ಅಗಲವನ್ನು ಸ್ಟೀಲ್ ಸ್ಕೇಲಿನಲ್ಲಿ ಅಳೆಯಿರಿ. ವ್ಯತ್ಯಾಸ ಇದ್ದರೆ ಸ್ಕ್ರೂ ಸಡಿಲಿಸಿ, ಗೈಡನ್ನು ಕತ್ತರಿಸುವ ಪಟ್ಟಿಗೆ ಸಮಾನಾಂತರ ಮಾಡಿ ಬಿಗಿ ಮಾಡಿ. ಇಷ್ಟು ಬೆಲೆ ತೆಗೆದುಕೊಳ್ಳುವವರು ಬೇಗ ಸಡಿಲವಾಗದ ಸ್ಕ್ರೂ ಕೊಡಬೇಕಿತ್ತು. ಗೈಡ್ ಸರಿ ಇದ್ದೂ ಮ್ಯಾಟ್ ಓರೆ ಬಂದರೆ ಬೋರ್ಡಿನ ಎರಡೂ ಕರ್ಣ ಅಳೆದು ನೋಡಿ. ಅವು ಸಮ ಇಲ್ಲದಿದ್ದರೆ ಬೋರ್ಡೇ ಚೌಕಕ್ಕೆ ಇಲ್ಲ.

ನಡುವಿನ ತುಂಡು ಮೂಲೆಯಲ್ಲಿ ಅಂಟಿಕೊಂಡಿದ್ದರೆ ಕೈಯಿಂದ ಎಳೆಯಬೇಡಿ, ಮೇಲ್ಪದರ ಕಿತ್ತು ಬರುತ್ತದೆ. ಬಿಡಿ ಬ್ಲೇಡನ್ನು ಅದೇ ಓರೆಯಲ್ಲಿ ತೂರಿಸಿ ಮೆಲ್ಲಗೆ ಬಿಡಿಸಿ.

ಮನೆಯಲ್ಲಿ ಕೆಲಸ ಮಾಡುವವರು, ಸಣ್ಣ ಅಂಗಡಿಯವರು ಧೈರ್ಯವಾಗಿ ಕೊಳ್ಳಬಹುದು. ಸಾಮಾನ್ಯ ಬೋರ್ಡಿನ ಎರಡರಷ್ಟು ದಪ್ಪದ್ದನ್ನೇ ದಿನಾ ಕತ್ತರಿಸುವವರಿಗೆ ಇದನ್ನು ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಅಷ್ಟು ಆಳಕ್ಕೆ ಬ್ಲೇಡ್ ಚಾಚಿದರೆ ಬಳುಕು ತಪ್ಪಿದ್ದಲ್ಲ. ಅವರು ಇನ್ನೂ ಭಾರದ ಯಂತ್ರ ನೋಡುವುದು ಒಳ್ಳೆಯದು.